ಪರದೆಯ ಹಿಂದಿನ ಹಂಗು

ಮಗಳೇ,

ಮೊನ್ನೆ ರಾತ್ರಿ ನೀನು ಫೋನ್ ಮಾಡಿ, "ತಾತ, ಕೆಲಸ ಸಿಕ್ತು. ಬೆಂಗಳೂರಲ್ಲಿ, ನ್ಯೂಸ್ ಚಾನೆಲ್ಲು" ಅಂದಾಗ ನಿನ್ನ ಅಜ್ಜಿ ನೇರ ದೇವರ ಮನೆಗೆ ಹೋಗಿ ದೀಪ ಹಚ್ಚಿದಳು. ನಾನು ಮಾತ್ರ ಒಂದು ಪ್ರಶ್ನೆ ಕೇಳಿದೆ: "ಯಾರದಮ್ಮ ಆ ಚಾನೆಲ್ಲು?" ನೀನು ರಾತ್ರಿ ಒಂಬತ್ತಕ್ಕೆ ಚರ್ಚೆ ನಡೆಸುವ ಆ್ಯಂಕರ್ ಹೆಸರು ಹೇಳಿದೆ. "ಅವರೂ ನಿನ್ನ ಹಾಗೆ ಸಂಬಳಕ್ಕಿರೋರು. ದುಡ್ಡು ಹಾಕಿರೋರು ಯಾರು?" ಎಂದೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲ ತಾತ, ವಿಚಾರಿಸ್ತೀನಿ" ಅಂದೆ.

ನಿನ್ನ ಸಂತೋಷಕ್ಕೆ ನೀರೆರಚಲು ಕೇಳಿದ್ದಲ್ಲ. ಅರಸೀಕೆರೆಯಲ್ಲಿ ಇಪ್ಪತ್ತನಾಲ್ಕು ವರ್ಷ ಮನೆಮನೆಗೆ ಕೇಬಲ್ ಕೊಟ್ಟವನು ನಾನು. ನೂರಾರು ಚಾನೆಲ್ಲುಗಳನ್ನು ಜನರ ನಡುಮನೆಗೆ ತಲುಪಿಸಿದೆ. ಅಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡದ್ದು ಬಹಳ ತಡವಾಗಿ. ತಡವಾದದ್ದಕ್ಕೆ ಬೆಲೆ ಕೊಟ್ಟದ್ದು ನಾನಲ್ಲ, ಬೇರೊಬ್ಬರು. ಆ ಸಂಗತಿ ಮುಂದೆ ಹೇಳುತ್ತೇನೆ. ನೀನೂ, ನಿನ್ನ ಜೊತೆ ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮ ಓದಿ ಈಗ ಕೆಲಸಕ್ಕೆ ಸೇರುತ್ತಿರುವ ಮಕ್ಕಳೂ ಇದನ್ನು ಒಂದು ಸಲ ಸಾವಧಾನವಾಗಿ ಓದಿ.

ನಾನು ಕೇಬಲ್ ಎಳೆಯುವ ಮುಂಚೆ ಟಿ.ವಿ. ಎಂದರೆ ದೂರದರ್ಶನ ಒಂದೇ. ಬೆಂಗಳೂರು ಕೇಂದ್ರ ಶುರುವಾದದ್ದು 1981ರ ರಾಜ್ಯೋತ್ಸವದ ದಿನ. ಅದರ ಯಜಮಾನ ಸರ್ಕಾರ. ಅದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ವಾರ್ತೆಯಲ್ಲಿ ಮೊದಲು ಬರುವ ಮುಖವೇ ಹೇಳುತ್ತಿತ್ತು. ಆಕಾಶವಾಣಿ, ದೂರದರ್ಶನಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸಲೆಂದು ಪ್ರಸಾರ ಭಾರತಿ ಕಾಯ್ದೆಗೆ 1990ರಲ್ಲೇ ಸಂಸತ್ತು ಒಪ್ಪಿಗೆ ಕೊಟ್ಟಿತು. ಅದು ಜಾರಿಗೆ ಬಂದದ್ದು 1997ರ ಸೆಪ್ಟೆಂಬರಿನಲ್ಲಿ. ನಡುವಿನ ಏಳು ವರ್ಷದಲ್ಲಿ ದೆಹಲಿಯಲ್ಲಿ ಎಷ್ಟೋ ಸರ್ಕಾರಗಳು ಬಂದುಹೋದವು. ಹಿಡಿದ ಕೈ ಸಡಿಲಿಸಲು ಯಾರಿಗೂ ಅವಸರವಿರಲಿಲ್ಲ.

ಅಷ್ಟರಲ್ಲಿ ಆಕಾಶದಿಂದಲೇ ಬೇರೆ ದಾರಿ ತೆರೆದುಕೊಂಡಿತು. 1991ರಲ್ಲಿ ಗಲ್ಫ್ ಯುದ್ಧವನ್ನು ಜನ ಸಿಎನ್‌ಎನ್‌ನಲ್ಲಿ ನೋಡಿದರು. ಸ್ಟಾರ್ ಬಂತು, 1992ರಲ್ಲಿ ಜೀ ಬಂತು. ನಾನು ಮಾಳಿಗೆಯ ಮೇಲೆ ಡಿಶ್ ನಿಲ್ಲಿಸಿದ್ದೂ ಆ ವರ್ಷವೇ. 1994ರಲ್ಲಿ ಉದಯ ಟಿ.ವಿ. ಶುರುವಾದಾಗ ಕನೆಕ್ಷನ್ ಕೇಳಿಕೊಂಡು ಬಂದವರ ಸಾಲು ನಮ್ಮ ಬೀದಿಯ ಕೊನೆ ಮುಟ್ಟಿತ್ತು. ಇಡೀ ದಿನ ಕನ್ನಡ! ಸರ್ಕಾರದ ಹಂಗಿಲ್ಲದ ಟಿ.ವಿ. ಬಂತು, ಇನ್ನು ಎಲ್ಲವೂ ಬಯಲಾಗುತ್ತದೆ ಎಂದು ನಾವು ನಂಬಿದ್ದೆವು.

1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ತೀರ್ಪು ಕೊಟ್ಟಿತು. ಬಂಗಾಳದ ಕ್ರಿಕೆಟ್ ಸಂಸ್ಥೆ ಪಂದ್ಯದ ಪ್ರಸಾರದ ಹಕ್ಕಿಗಾಗಿ ಹೂಡಿದ ವ್ಯಾಜ್ಯ ಅದು. ತರಂಗಗಳು ಸಾರ್ವಜನಿಕರ ಆಸ್ತಿ, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು ಎಂದಿತು ಕೋರ್ಟು. ತೀರ್ಪಿನ ಈ ಅರ್ಧವನ್ನು ದೇಶ ಸಡಗರದಿಂದ ಕೇಳಿಸಿಕೊಂಡಿತು. ಸಾರ್ವಜನಿಕರ ಆಸ್ತಿ ಎಂದ ಮೇಲೆ ಅದು ಹಣವಂತರ ಸ್ವತ್ತೂ ಆಗಕೂಡದು, ಅದಕ್ಕಾಗಿ ಒಂದು ಸ್ವತಂತ್ರ ಪ್ರಾಧಿಕಾರ ಬೇಕು ಎಂಬ ಇನ್ನರ್ಧ ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ. ನೀನು ಹೋಗುತ್ತಿರುವ ಮನೆಯ ಅಡಿಪಾಯ ಆ ಕೇಳಿಸಿಕೊಳ್ಳದ ಅರ್ಧದ ಮೇಲೆ ನಿಂತಿದೆ.

ಈಗ ಒಂದೊಂದೇ ಮನೆಯ ಬಾಗಿಲ ಮೇಲಿನ ಹೆಸರು ಓದೋಣ. ಇದರಲ್ಲಿ ಯಾವುದೂ ಗುಟ್ಟಲ್ಲ, ಯಾವುದೂ ಕಾನೂನು ಮೀರಿದ್ದೂ ಅಲ್ಲ. ಆದರೂ ಓದಬೇಕು.

ಉದಯ ಟಿ.ವಿ. ಚೆನ್ನೈನ ಸನ್ ಸಮೂಹದ್ದು. ಕಟ್ಟಿದವರು ಕಲಾನಿಧಿ ಮಾರನ್. ಅವರ ತಂದೆ ಮುರಸೊಲಿ ಮಾರನ್ ಕೇಂದ್ರ ಸಚಿವರಾಗಿದ್ದವರು, ಡಿಎಂಕೆಯ ಎಂ. ಕರುಣಾನಿಧಿಯವರ ಅಕ್ಕನ ಮಗ. ತಮ್ಮ ದಯಾನಿಧಿ ಮಾರನ್ 2004ರಿಂದ 2007ರವರೆಗೆ ಕೇಂದ್ರದ ದೂರಸಂಪರ್ಕ ಸಚಿವರು. ಈಟಿವಿ ಕನ್ನಡ 2000ದ ಡಿಸೆಂಬರಿನಲ್ಲಿ ಬಂತು. ಯಜಮಾನರು ಹೈದರಾಬಾದಿನ ಈನಾಡು ಪತ್ರಿಕೆಯ ರಾಮೋಜಿ ರಾವ್. ಆಮೇಲೆ ಅದು ರಿಲಯನ್ಸ್‌ನ ಹಣ ಹರಿದ ಟಿವಿ18 ಸಮೂಹದ ತೆಕ್ಕೆಗೆ ಹೋಗಿ 2015ರಲ್ಲಿ ಕಲರ್ಸ್ ಕನ್ನಡವಾಯಿತು. ಆ ಸಮೂಹವೇ 2014ರಲ್ಲಿ ರಿಲಯನ್ಸ್ ಹಿಡಿತಕ್ಕೆ ಬಂದಿತ್ತು. ನ್ಯೂಸ್18 ಕನ್ನಡವೂ ಅದೇ ಬಳಗದ್ದು.

ಸುವರ್ಣ 2007ರಲ್ಲಿ ಬಂತು. ಮನರಂಜನೆಯ ಸುವರ್ಣ ಸ್ಟಾರ್ ಪಾಲಾಯಿತು. ಸುದ್ದಿಯ ಸುವರ್ಣ ರಾಜೀವ್ ಚಂದ್ರಶೇಖರ್ ಅವರ ಕಂಪನಿಯ ಬಳಿ ಉಳಿಯಿತು. ಅವರು 2006ರಲ್ಲಿ ಕರ್ನಾಟಕದಿಂದ ಪಕ್ಷೇತರರಾಗಿ ರಾಜ್ಯಸಭೆಗೆ ಹೋದವರು, ಮುಂದೆ ಬಿಜೆಪಿ ಸೇರಿ 2021ರಲ್ಲಿ ಕೇಂದ್ರ ಸಚಿವರಾದರು, 2025ರಲ್ಲಿ ಕೇರಳ ಬಿಜೆಪಿಯ ಅಧ್ಯಕ್ಷರಾದರು. ಅದೇ 2007ರಲ್ಲಿ ಕಸ್ತೂರಿ ವಾಹಿನಿಯೂ ಬಂತು, ಅನಿತಾ ಕುಮಾರಸ್ವಾಮಿಯವರ ನೇತೃತ್ವದಲ್ಲಿ. ಆ ವರ್ಷ ಅವರ ಪತಿ ರಾಜ್ಯದ ಮುಖ್ಯಮಂತ್ರಿ. ದಿಗ್ವಿಜಯ ನ್ಯೂಸನ್ನು 2017ರಲ್ಲಿ ಶುರುಮಾಡಿದವರು ವಿಆರ್‌ಎಲ್‌ನ ವಿಜಯ ಸಂಕೇಶ್ವರ. ಲಾರಿ, ಬಸ್ಸುಗಳ ದೊಡ್ಡ ಉದ್ಯಮಿ, ಬಿಜೆಪಿಯಿಂದ ಸಂಸದರಾಗಿದ್ದವರು. ಟಿವಿ9ರ ಮಾತೃಸಂಸ್ಥೆಯನ್ನು 2018ರಲ್ಲಿ ಕೊಂಡ ಅಲಂದಾ ಮೀಡಿಯಾದ ಹಿಂದೆ ಹೈದರಾಬಾದಿನ ಮೈ ಹೋಮ್ ಮತ್ತು ಮೇಘಾ ಎಂಜಿನಿಯರಿಂಗ್ ಉದ್ಯಮಿಗಳಿದ್ದರು. ಒಂದು ಮನೆ ಕಟ್ಟುವ, ಸಿಮೆಂಟಿನ ಉದ್ಯಮ, ಇನ್ನೊಂದು ಸರ್ಕಾರದ ನೀರಾವರಿ ಗುತ್ತಿಗೆಗಳ ಉದ್ಯಮ. ಜೀ ಕನ್ನಡದ ಸಮೂಹವನ್ನು ಕಟ್ಟಿದ ಸುಭಾಷ್ ಚಂದ್ರ 2016ರಲ್ಲಿ ಬಿಜೆಪಿ ಬೆಂಬಲದೊಂದಿಗೆ ಹರಿಯಾಣದಿಂದ ರಾಜ್ಯಸಭೆಗೆ ಹೋದರು. ಪಬ್ಲಿಕ್ ಟಿವಿಯಂತೆ ಪತ್ರಕರ್ತರೇ ಮುಂದೆ ನಿಂತು ಕಟ್ಟಿದ್ದೂ ಉಂಟು. ಅದು 2012ರ ಮಾತು.

ಇನ್ನೂ ಒಂದು ಸಂಗತಿ ಗಮನಿಸು. 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಸ್ಟಾರ್‌ನ ಒಡೆಯ ಡಿಸ್ನಿಯ ಮಾಧ್ಯಮ ವ್ಯವಹಾರಗಳು ಕೂಡಿ ಜಿಯೋಸ್ಟಾರ್ ಆದವು. ಕಲರ್ಸ್ ಕನ್ನಡಕ್ಕೂ ಸ್ಟಾರ್ ಸುವರ್ಣಕ್ಕೂ ವರ್ಷಗಟ್ಟಲೆ ಜಿದ್ದಾಜಿದ್ದಿ ಇತ್ತಲ್ಲ, ಈಗ ಎರಡೂ ಒಂದೇ ಸೂರಿನಡಿ. ರಿಮೋಟಿನಲ್ಲಿ ಗುಂಡಿ ಎರಡು, ಗಲ್ಲಾಪೆಟ್ಟಿಗೆ ಒಂದು.

ಹೀಗೇಕೆ ಎಂದು ನೀನು ಕೇಳಬೇಕು. ಸುದ್ದಿ ಚಾನೆಲ್ ನಡೆಸುವುದು ತೋಟ ಮಾಡಿದ ಹಾಗಲ್ಲ, ಆನೆ ಸಾಕಿದ ಹಾಗೆ. ಅನುಮತಿ ಬೇಕೆಂದರೆ ಕಂಪನಿಯ ನಿವ್ವಳ ಮೌಲ್ಯ 20 ಕೋಟಿ ರೂಪಾಯಿ ಇರಬೇಕು ಎನ್ನುತ್ತದೆ ನಿಯಮ. ಅದು ಹೊಸಿಲು ಮಾತ್ರ. ಉಪಗ್ರಹದ ಬಾಡಿಗೆ, ಓಬಿ ವ್ಯಾನು, ಜಿಲ್ಲೆಜಿಲ್ಲೆಯ ವರದಿಗಾರರು, ಸ್ಟುಡಿಯೋ. ಇಷ್ಟಾದ ಮೇಲೆ ಪರದೆಗೆ ಬರಲು ಕೇಬಲ್ ಕಂಪನಿಗಳಿಗೆ ಕೊಡುವ ಕ್ಯಾರೇಜ್ ಫೀ. ನೋಡುಗ ಸುದ್ದಿಗೆಂದು ಕೊಡುವ ದುಡ್ಡು ಹೆಚ್ಚೇನಿಲ್ಲ. ಉಳಿದದ್ದು ಜಾಹೀರಾತು. ಜಾಹೀರಾತಿಗೆ ಟಿಆರ್‌ಪಿ ಬೇಕು. 2020ರಲ್ಲಿ ಮುಂಬೈ ಪೊಲೀಸರು ಟಿಆರ್‌ಪಿ ತಿರುಚಿದ ಆರೋಪದ ಮೇಲೆ ಪ್ರಕರಣ ದಾಖಲಿಸಿದ ಮೇಲೆ ಸುದ್ದಿ ವಾಹಿನಿಗಳ ರೇಟಿಂಗ್ ನಿಂತದ್ದು, ಮತ್ತೆ ಬಂದದ್ದು 2022ರ ಮಾರ್ಚಿನಲ್ಲಿ. ರೇಟಿಂಗು ಕೈಕೊಟ್ಟಾಗ ಆಸರೆ ಸರ್ಕಾರದ ಜಾಹೀರಾತು. ದೆಹಲಿಯದೋ, ವಿಧಾನಸೌಧದ್ದೋ, ಅದನ್ನು ಹಂಚುವ ಕೈ ಅಧಿಕಾರದಲ್ಲಿರುವವರದು.

ನಷ್ಟದ ಅಂಗಡಿಯನ್ನು ಒಬ್ಬಾತ ವರ್ಷಾನುಗಟ್ಟಲೆ ತೆರೆದಿಟ್ಟಿದ್ದಾನೆ ಎಂದರೆ ಅವನ ಲಾಭ ಆ ಅಂಗಡಿಯಲ್ಲಿಲ್ಲ, ಬೇರೆಲ್ಲೋ ಇದೆ ಎಂದು ಸಂತೆಯಲ್ಲಿ ಕೂತ ಅಜ್ಜಿಗೂ ಗೊತ್ತು. ಗಣಿ, ಜಮೀನು, ಕಾಲೇಜು, ಗುತ್ತಿಗೆ, ಟಿಕೆಟ್ಟು, ಮಂತ್ರಿಗಿರಿ, ಇವಕ್ಕೆಲ್ಲ ಕಾವಲು ಬೇಕು. ಚಾನೆಲ್ ಆ ಕಾವಲು.

ನಮ್ಮ ಭಾಷೆಯಲ್ಲಿ ಒಂದು ಮಾತಿದೆ: ಹಂಗು. ಸಾಲವನ್ನು ತೀರಿಸಬಹುದು, ಹಂಗನ್ನು ತೀರಿಸಲು ಬರುವುದಿಲ್ಲ. ಹಂಗಿಗೆ ಕಾಗದ ಬೇಡ, ಸಾಕ್ಷಿ ಬೇಡ. ಹಂಗಿನಲ್ಲಿರುವವನು ಯಾರೂ ಹೇಳದೆಯೇ ಬಾಯಿ ಮುಚ್ಚಿಕೊಳ್ಳುತ್ತಾನೆ. ವಚನಕಾರರು ಹಂಗಿನ ಅನ್ನದ ಮೇಲೆ ಅಷ್ಟು ಸಿಡಿದದ್ದು ಸುಮ್ಮನಲ್ಲ. ಟಿ.ವಿ.ಯ ಒಡೆತನವನ್ನು ಅರ್ಥಮಾಡಿಕೊಳ್ಳಲು ನಿನಗೆ ದೊಡ್ಡ ಸಿದ್ಧಾಂತ ಬೇಡ, ಈ ಒಂದು ಮಾತು ಸಾಕು. ಯಾರು ಯಾರ ಹಂಗಿನಲ್ಲಿದ್ದಾರೆ?

ಹಂಗು ಮೂರು ದಾರಿಯಲ್ಲಿ ಬರುವುದನ್ನು ನಾನು ಕಂಡಿದ್ದೇನೆ.

ಮೊದಲನೆಯದು ದುಡ್ಡು. ಎನ್‌ಡಿಟಿವಿಯ ಕತೆ ತಿಳಿದುಕೋ. ಪ್ರಣಯ್ ರಾಯ್, ರಾಧಿಕಾ ರಾಯ್ ದಂಪತಿ ಕಟ್ಟಿದ ಸಂಸ್ಥೆ. 2009–10ರಲ್ಲಿ ಅವರ ಹಿಡುವಳಿ ಕಂಪನಿ ಒಂದು ಸಂಸ್ಥೆಯಿಂದ ಸುಮಾರು 403 ಕೋಟಿ ರೂಪಾಯಿ ಸಾಲ ಪಡೆಯಿತು. ಬಡ್ಡಿಯಿಲ್ಲ. ಅದಕ್ಕೆ ಬದಲು, ಸಾಲ ಕೊಟ್ಟವರು ಬಯಸಿದಾಗ ಆ ಹಿಡುವಳಿ ಕಂಪನಿಯ ಶೇ 99.99ರಷ್ಟು ಷೇರು ತಮ್ಮದಾಗಿಸಿಕೊಳ್ಳಬಹುದು ಎಂಬ ಕರಾರು. ಹತ್ತು ಹನ್ನೆರಡು ವರ್ಷ ಆ ಕಾಗದ ಪೆಟ್ಟಿಗೆಯಲ್ಲಿ ಸುಮ್ಮನಿತ್ತು. 2022ರ ಆಗಸ್ಟಿನಲ್ಲಿ ಅದಾನಿ ಸಮೂಹ ಸಾಲ ಕೊಟ್ಟಿದ್ದ ಆ ಸಂಸ್ಥೆಯನ್ನೇ ಕೊಂಡುಕೊಂಡು ಕಾಗದವನ್ನು ಹೊರತೆಗೆಯಿತು. ಎನ್‌ಡಿಟಿವಿಯ ಶೇ 29.18ರಷ್ಟು ಪಾಲು ಆ ಕಾಗದದ ಬಲದಿಂದ ಕೈಬದಲಾಯಿತು. ವರ್ಷ ಮುಗಿಯುವಷ್ಟರಲ್ಲಿ ಚಾನೆಲ್ ಅದಾನಿಯವರದಾಗಿತ್ತು, ಅಲ್ಲಿನ ಹೆಸರಾಂತ ಆ್ಯಂಕರ್ ರವೀಶ್ ಕುಮಾರ್ ರಾಜೀನಾಮೆ ಕೊಟ್ಟಾಗಿತ್ತು. ಬಡ್ಡಿಯಿಲ್ಲದ ಸಾಲಕ್ಕಿಂತ ದುಬಾರಿ ಸಾಲ ಇಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದರು. ಅವರು ಟಿ.ವಿ. ನೋಡಿದವರಲ್ಲ, ಸಾಹುಕಾರರನ್ನು ನೋಡಿದವರು.

ಎರಡನೆಯದು ಅನುಮತಿಯ ಕಾಗದ. ಕೇರಳದ ಮೀಡಿಯಾಒನ್ ಚಾನೆಲ್ಲನ್ನು 2022ರ ಜನವರಿಯಲ್ಲಿ ಭದ್ರತೆಯ ಕಾರಣ ಹೇಳಿ ಕೇಂದ್ರ ನಿಲ್ಲಿಸಿತು. ಕಾರಣ ಏನೆಂದು ಚಾನೆಲ್ಲಿಗೇ ಹೇಳಲಿಲ್ಲ, ಮೊಹರು ಹಾಕಿದ ಲಕೋಟೆಯಲ್ಲಿಟ್ಟು ಕೋರ್ಟಿಗೆ ಕೊಟ್ಟಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿ, ಸರ್ಕಾರವನ್ನು ಟೀಕಿಸುವುದು ದೇಶವಿರೋಧವಲ್ಲ ಎಂದಿತು. ನಮ್ಮ ರಾಜ್ಯದಲ್ಲೇ 2024ರಲ್ಲಿ ಪವರ್ ಟಿವಿಯ ಪರವಾನಗಿ ನವೀಕರಣದ ತಕರಾರು ಹೈಕೋರ್ಟಿಗೆ ಹೋಗಿ ಪ್ರಸಾರ ನಿಲ್ಲಿಸಲು ಆದೇಶವಾಯಿತು. ಜುಲೈಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಡುತ್ತಾ, ಇದು ರಾಜಕೀಯ ದ್ವೇಷದಂತೆ ಕಾಣುತ್ತದೆ ಎಂದಿತು. ಒಂದು ಕೇಂದ್ರದ ಮಾತು, ಇನ್ನೊಂದು ರಾಜ್ಯದ ರಾಜಕಾರಣದ ಮಾತು. ಇಂಥದ್ದು ಒಂದೇ ಪಕ್ಷದ ರೋಗ ಎಂದು ನಂಬಬೇಡ.

ಮೂರನೆಯದು ತಂತಿ. ಇದು ನನ್ನ ಕಸುಬು, ಇದನ್ನು ಬಲ್ಲೆ. 2007ರ ಮೇ ತಿಂಗಳಲ್ಲಿ ಮಾರನ್ ಸೋದರರಿಗೂ ಕರುಣಾನಿಧಿಯವರ ಮಕ್ಕಳಿಗೂ ಮನಸ್ತಾಪವಾಯಿತು. ಮಾರನ್ ಅವರ ದಿನಕರನ್ ಪತ್ರಿಕೆಯಲ್ಲಿ ಬಂದ ಒಂದು ಸಮೀಕ್ಷೆಗೆ ಸಿಟ್ಟಾದವರು ಮದುರೆಯಲ್ಲಿದ್ದ ಅದರ ಕಚೇರಿಗೆ ನುಗ್ಗಿ ಬೆಂಕಿ ಹಚ್ಚಿದರು. ಒಳಗೆ ಕೆಲಸ ಮಾಡುತ್ತಿದ್ದ ಮೂವರು ನೌಕರರು ಸತ್ತರು. ಜಗಳ ದೊಡ್ಡವರದು, ಸತ್ತವರು ಸಂಬಳದವರು; ಇದನ್ನು ಮರೆಯಬೇಡ. ಸನ್ ಟಿವಿ ಕೈತಪ್ಪಿದ ಡಿಎಂಕೆಗೆ ಅದೇ ಸೆಪ್ಟೆಂಬರಿನಲ್ಲಿ ಕಲೈಞರ್ ಟಿವಿ ಹುಟ್ಟಿತು. ಮಾರನ್ ಅವರ ಸುಮಂಗಲಿ ಕೇಬಲ್ಲಿಗೆ ಎದುರಾಗಿ ತಮಿಳುನಾಡು ಸರ್ಕಾರದ್ದೇ ಅರಸು ಕೇಬಲ್ ಬಂತು. ಮುಂದಿನ ವರ್ಷ ಮನೆಯವರು ರಾಜಿಯಾದರು. ಅರಸು ಕೇಬಲ್ ಮೂಲೆ ಸೇರಿತು. 2011ರಲ್ಲಿ ಜಯಲಲಿತಾ ಅಧಿಕಾರಕ್ಕೆ ಬಂದು ಅದನ್ನು ಮತ್ತೆ ಎಬ್ಬಿಸಿದರು. ತಂತಿ ಯಾರಿಗಾಗಿ ಎಳೆಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? 2014ರಲ್ಲಿ ಹೊಸ ತೆಲಂಗಾಣದಲ್ಲಿ ಟಿವಿ9, ಎಬಿಎನ್ ಆಂಧ್ರಜ್ಯೋತಿ ಕೇಬಲ್ಲಿನಿಂದ ಮಾಯವಾದವು. 2024ರ ಜೂನ್‌ನಲ್ಲಿ ಆಂಧ್ರದಲ್ಲಿ ಸರ್ಕಾರ ಬದಲಾದ ಕೂಡಲೇ ಸಾಕ್ಷಿ ಟಿವಿಯೂ ಸೇರಿ ಕೆಲವು ಚಾನೆಲ್ಲುಗಳು ಎಷ್ಟೋ ಮನೆಗಳಲ್ಲಿ ಕಾಣದಾದವು. ನಿಷೇಧದ ಆದೇಶ ಎಲ್ಲೂ ಇಲ್ಲ. ಬರೀ "ಸಿಗ್ನಲ್ ಇಲ್ಲ."

ಈ "ಸಿಗ್ನಲ್ ಇಲ್ಲ" ಎಂಬ ಮಾತನ್ನು ನಾನೂ ಹೇಳಿದ್ದೇನೆ, ಮಗಳೇ. ಅದನ್ನು ನಿನಗೆ ಹೇಳಲೆಂದೇ ಇಷ್ಟು ಬರೆದೆ.

ಒಂದು ಸಂಜೆ, ಚುನಾವಣೆ ಹತ್ತಿರವಿದ್ದಾಗ, ಊರಿನ ಒಬ್ಬ ಮುಖಂಡರ ಕಡೆಯವರು ಫೋನ್ ಮಾಡಿದರು. ಗದರಲಿಲ್ಲ. "ಅಣ್ಣ, ಊಟ ಆಯ್ತಾ?" ಎಂದೇ ಶುರುಮಾಡಿದರು. "ರಾತ್ರಿ ಒಂಬತ್ತಕ್ಕೆ ಆ ಚಾನೆಲ್ಲು ಒಂದು ಗಂಟೆ ತೆಗೆದುಬಿಡಿ. ಸಿಗ್ನಲ್ ಹೋಗಿದೆ ಅನ್ನಿ, ಸಾಕು." ನಮ್ಮ ಕಡೆಯ ಒಂದು ಕೆರೆಯಂಗಳದಲ್ಲಿ ಸೈಟು ಮಾಡಿ ಮಾರುತ್ತಿದ್ದುದರ ಬಗ್ಗೆ ಅಂದು ವರದಿ ಬರುವುದಿತ್ತು. ನನಗೆ ಯಾರೂ ದುಡ್ಡು ಕೊಡಲಿಲ್ಲ, ಬೆದರಿಸಲೂ ಇಲ್ಲ. ಆದರೆ ನನ್ನ ವೈರು ಹೋದದ್ದು ಕರೆಂಟ್ ಕಂಬಗಳ ಮೇಲೆ. ಅದಕ್ಕೆ ನನ್ನ ಬಳಿ ಬರಹದ ಅನುಮತಿ ಇರಲಿಲ್ಲ. ಆ ಕಾಲದಲ್ಲಿ ಯಾರ ಬಳಿಯೂ ಇರಲಿಲ್ಲ. ಅವರೊಂದು ಮಾತು ಹೇಳಿದರೆ ಬೆಳಗಾಗುವಷ್ಟರಲ್ಲಿ ವೈರುಗಳು ನೆಲಕ್ಕೆ ಬೀಳುತ್ತಿದ್ದವು. ಕಂಬದ ಹಂಗು. ನಾನು ಕಂಟ್ರೋಲ್ ರೂಮಿಗೆ ಹೋಗಿ ಆ ಚಾನೆಲ್ಲಿನ ಕನೆಕ್ಟರ್ ಕಿತ್ತೆ. ಮನೆಗಳಿಂದ ಫೋನು ಬಂದವು. "ಸಿಗ್ನಲ್ ಇಲ್ಲ" ಅಂದೆ. ಹತ್ತು ಗಂಟೆಗೆ ಮತ್ತೆ ಸಿಕ್ಕಿಸಿದೆ.

ನಮ್ಮ ಬೀದಿಯ ಬಡಗಿಯೊಬ್ಬರು ಅಲ್ಲಿ ಒಂದು ಸೈಟಿಗೆ ಮುಂಗಡ ಕೊಟ್ಟಿದ್ದರು. ಆ ವಾರ ಬಾಕಿ ಹಣವನ್ನೂ ಕಟ್ಟಿದರು, ಹೆಂಡತಿಯ ಬಳೆ ಮಾರಿ. ಎರಡು ವರ್ಷದ ಮೇಲೆ ಅಧಿಕಾರಿಗಳು ಬಂದು ಆ ಸೈಟುಗಳ ಕಲ್ಲು ಕಿತ್ತರು. ಒಂದು ದಿನ ಅವರು ನಮ್ಮ ಅಂಗಡಿಯಲ್ಲಿ ಕೂತು, "ಮೊದಲೇ ಯಾರಾದ್ರೂ ಒಂದು ಮಾತು ಹೇಳಿದ್ದಿದ್ರೆ" ಎಂದು ತಲೆ ತಗ್ಗಿಸಿದರು. ಹೇಳುವವರಿದ್ದರು. ಆ ಮಾತು ಆಕಾಶದಿಂದ ನನ್ನ ಮಾಳಿಗೆಯವರೆಗೆ ಬಂದಿತ್ತು. ಅಲ್ಲಿಂದ ಅವರ ಮನೆಗೆ ಇನ್ನೂರು ಗಜ. ಆ ಇನ್ನೂರು ಗಜದಲ್ಲಿ ನಿಂತಿದ್ದವನು ನಾನು. ಅವರಿಗೆ ಅದು ಇವತ್ತಿಗೂ ಗೊತ್ತಿಲ್ಲ.

ಅಂದು ಕಲಿತದ್ದು ಇದು. ಒಡೆಯನ ಕೈ ಪರದೆಯ ಮೇಲೆ ಆಡುವ ಮಾತಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ಆಡದ ಮಾತಿನಲ್ಲಿ ಕಾಣುತ್ತದೆ. ಸುಳ್ಳು ಸುದ್ದಿ ಬಂದರೆ ಯಾರಾದರೂ ಹಿಡಿಯುತ್ತಾರೆ. ಬಾರದ ಸುದ್ದಿಯನ್ನು ಹಿಡಿಯುವವರಿಲ್ಲ. ಅದು ಇತ್ತೆಂದೇ ಯಾರಿಗೂ ತಿಳಿಯುವುದಿಲ್ಲ. 2024ರಲ್ಲಿ ಸುಪ್ರೀಂ ಕೋರ್ಟು ಚುನಾವಣಾ ಬಾಂಡ್ ರದ್ದು ಮಾಡಿದ ಮೇಲೆ, ಕೊಂಡವರ ಪಟ್ಟಿ ಮಾರ್ಚಿನಲ್ಲಿ ಬಯಲಾಯಿತಲ್ಲ, ಅದರಲ್ಲಿ ಎರಡನೇ ಹೆಸರು 966 ಕೋಟಿ ರೂಪಾಯಿಯ ಬಾಂಡ್ ಕೊಂಡ, ಆಗಲೇ ಟಿವಿ9ರ ಮಾತಿನಲ್ಲಿ ಹೇಳಿದ ಮೇಘಾ ಎಂಜಿನಿಯರಿಂಗ್. ಅಂಥ ವಾರದಲ್ಲಿ ಪ್ರತಿ ಚಾನೆಲ್ಲು ಯಾವ ಕಂಪನಿಯ ಹೆಸರನ್ನು ಎಷ್ಟು ಹೊತ್ತು ಹೇಳಿತು, ಯಾವುದನ್ನು ದಾಟಿಹೋಯಿತು ಎಂದು ಕೂತು ಬರೆದುಕೊಳ್ಳಬೇಕು. ನಿನ್ನ ಕಸುಬಿನ ನಿಜವಾದ ಪಠ್ಯಪುಸ್ತಕ ಅದು.

ಹಾಗಾದರೆ ಕೆಲಸಕ್ಕೇ ಹೋಗಬೇಡವೇ ಎಂದರೆ, ಹೋಗು. ಖಂಡಿತ ಹೋಗು. ಮಳೆಗಾಲದಲ್ಲಿ ಕೊಡಗಿನ ಗುಡ್ಡ ಕುಸಿದಾಗ ಅಲ್ಲಿಗೆ ಮೊದಲು ಹೋದವರಲ್ಲಿ ಇದೇ ಚಾನೆಲ್ಲುಗಳ ಹುಡುಗ ಹುಡುಗಿಯರಿದ್ದರು. ಒಡೆಯರು ಯಾರೇ ಆಗಿರಲಿ, ಪ್ರತಿ ಮನೆಯಲ್ಲೂ ನಾಲ್ಕು ಜನ ನಿಜದ ವರದಿಗಾರರಿರುತ್ತಾರೆ. ನೀನು ಅವರ ಪಕ್ಕ ಕೂರು. ಹೋಗುವಾಗ ಈ ಕೆಲವು ಮಾತುಗಳನ್ನು ಬುತ್ತಿಯ ಹಾಗೆ ಕಟ್ಟಿಕೋ.

ಲೋಗೋ ನೋಡಿ ಮನೆ ಗುರುತಿಸಬೇಡ. ಚಾನೆಲ್ಲಿನ ಹೆಸರು ಒಂದಾದರೆ ಕಂಪನಿಯ ಹೆಸರು ಇನ್ನೊಂದು. ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಅನುಮತಿ ಪಡೆದ ಚಾನೆಲ್ಲುಗಳ ಪಟ್ಟಿಯನ್ನು ಕಂಪನಿಯ ಹೆಸರಿನ ಸಮೇತ ಪ್ರಕಟಿಸುತ್ತದೆ. ಆ ಹೆಸರು ಹಿಡಿದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣಕ್ಕೆ ಹೋದರೆ ನಿರ್ದೇಶಕರು ಸಿಗುತ್ತಾರೆ. ಸ್ವಲ್ಪ ಶುಲ್ಕ ಕಟ್ಟಿದರೆ ವಾರ್ಷಿಕ ವರದಿ, ಷೇರುದಾರರ ವಿವರವೂ ಸಿಗುತ್ತದೆ. ಚುನಾವಣೆಗೆ ನಿಂತವರ ಪ್ರಮಾಣಪತ್ರದಲ್ಲಿ ಅವರದೂ ಅವರ ಹೆಂಡತಿ ಅಥವಾ ಗಂಡನದೂ ಷೇರುಗಳ ಪಟ್ಟಿ ಇರುತ್ತದೆ. ಕೆಲಸಕ್ಕೆ ಸೇರುವ ಮುಂಚೆ ಒಂದು ಭಾನುವಾರ ಇದಕ್ಕೆ ಕೊಡು. ಹೆಣ್ಣು ಕೊಡುವ ಮನೆಯ ಬಗ್ಗೆ ಹತ್ತೂರು ವಿಚಾರಿಸುತ್ತೇವೆ. ದಿನಕ್ಕೆ ಹನ್ನೆರಡು ಗಂಟೆ ದುಡಿಯುವ ಮನೆಯ ಬಗ್ಗೆ ವಿಚಾರಿಸಬಾರದೇ?

ಒಂದು ನೋಟ್‌ಬುಕ್ ಇಡು, ಕೈಬರಹದ್ದು. ಎಡ ಪುಟದಲ್ಲಿ ನೀನು ತಂದ ಸುದ್ದಿ, ಬಲ ಪುಟದಲ್ಲಿ ಪ್ರಸಾರವಾದದ್ದು. ಬಲ ಪುಟ ಖಾಲಿ ಬಿದ್ದ ದಿನ ತಾರೀಖು ಹಾಕಿ, ಯಾರು ಏನು ಕಾರಣ ಹೇಳಿದರು ಎಂದು ಬರೆ. ಎಲ್ಲ ಖಾಲಿಗೂ ಒಡೆಯನೇ ಕಾರಣನಲ್ಲ. ಎಷ್ಟೋ ಸಲ ಸಾಕ್ಷಿ ಸಾಲದೆ, ಸಮಯ ಸಾಲದೆ ಸುದ್ದಿ ನಿಲ್ಲುತ್ತದೆ, ಅದು ನ್ಯಾಯ. ಆದರೆ ಒಂದು ವರ್ಷದ ಖಾಲಿ ಪುಟಗಳು ಒಂದೇ ಹೆಸರಿನ ಸುತ್ತ ಸುತ್ತುತ್ತಿದ್ದರೆ ನಿನಗೇ ಗೊತ್ತಾಗುತ್ತದೆ.

ಸುದ್ದಿ ಬೇಡ ಎಂದರೆ ವಿನಯದಿಂದ ಕಾರಣ ಕೇಳು. "ಸರ್, ಇದನ್ನ ಒಂದು ಮೆಸೇಜಲ್ಲಿ ಹಾಕ್ತೀರಾ?" ಎನ್ನು. ಬರೆದು ಕೊಡಲು ಹಿಂಜರಿಯುವ ಆದೇಶ ಎಂಥದೆಂದು ಕೊಡುವವರಿಗೂ ಗೊತ್ತು. ಒಡೆಯರ ಕಂಪನಿಯ ಸುದ್ದಿ ಬಂದಾಗ, "ಇದು ನಮ್ಮ ವಾಹಿನಿಯ ಮಾಲೀಕರಿಗೆ ಸೇರಿದ ಸಂಸ್ಥೆ" ಎಂಬ ಒಂದು ಸಾಲನ್ನು ಸ್ಕ್ರಿಪ್ಟಿನಲ್ಲಿ ನೀನೇ ಸೇರಿಸು. ತೆಗೆದರೆ ಅವರು ತೆಗೆಯಲಿ. ಬರೆಯದೆ ಬಿಡುವುದು ನಿನ್ನಿಂದ ಆಗದಿರಲಿ.

ಸುಮ್ಮನಿರು ಎನ್ನುವುದಕ್ಕೂ ಸುಳ್ಳು ಹೇಳು ಎನ್ನುವುದಕ್ಕೂ ನಡುವೆ ಒಂದು ಗೆರೆಯಿದೆ. ಸುಮ್ಮನಿರು ಎಂದಾಗ ಬರೆದಿಡು, ವಾದ ಮಾಡು, ಕಾಯು. ಸುಳ್ಳು ಹೇಳು ಎಂದಾಗ ಎದ್ದು ಬಾ. ಅಂಥ ದಿನ ಎದ್ದು ಬರಲು ಆಗಬೇಕಾದರೆ ನಿನ್ನದೇ ಹಂಗುಗಳು ಕಡಿಮೆ ಇರಬೇಕು. ಮೊದಲ ಸಂಬಳ ಬಂದ ಕೂಡಲೇ ಗಾಡಿಯ ಕಂತು, ಫೋನಿನ ಕಂತು ಎಂದು ಕುತ್ತಿಗೆಗೆ ಕಟ್ಟಿಕೊಳ್ಳಬೇಡ. ಆರು ತಿಂಗಳ ಊಟ, ಬಾಡಿಗೆಗೆ ಸಾಕಾಗುವಷ್ಟು ಕೂಡಿಡು. ಪತ್ರಕರ್ತೆಯ ಧೈರ್ಯ ಅರ್ಧ ಎದೆಯಲ್ಲಿದ್ದರೆ ಅರ್ಧ ಬ್ಯಾಂಕಿನ ಪುಸ್ತಕದಲ್ಲಿರುತ್ತದೆ. ನನಗೆ ಕಂಬದ ಹಂಗು ಇಲ್ಲದಿದ್ದರೆ ಆ ಕನೆಕ್ಟರ್ ಕೀಳುತ್ತಿರಲಿಲ್ಲ.

ಇದಕ್ಕಿಂತ ಯೂಟ್ಯೂಬಿನಲ್ಲಿ ಸ್ವಂತ ಚಾನೆಲ್ ಮಾಡುತ್ತೇವೆ ಎಂದು ನಿನ್ನ ಗೆಳೆಯರು ಹೇಳಬಹುದು. ಮಾಡಲಿ, ಒಳ್ಳೆಯದು. ಅಲ್ಲೂ ಅದೇ ಪ್ರಶ್ನೆ ಕೇಳಿಕೊಳ್ಳಲಿ. ಕ್ಯಾಮೆರಾ ಕೊಡಿಸಿದವರು ಯಾರು, ಚುನಾವಣೆ ತಿಂಗಳಲ್ಲಿ ಜಾಹೀರಾತು ಕೊಟ್ಟವರು ಯಾರು? ವ್ಯೂಸಿನ ಹಂಗೂ ಹಂಗೇ. ತಂತಿ ಹೋಗಿ ಇಂಟರ್ನೆಟ್ ಬಂದರೂ ಅದೂ ಯಾರದೋ ಕೈಯಲ್ಲೇ ಇದೆ. ದೊಡ್ಡ ಕೇಬಲ್ ಕಂಪನಿಗಳಾದ ಹ್ಯಾಥ್‌ವೇ, ಡೆನ್‌ಗಳ ಬಹುಪಾಲು ಷೇರನ್ನೂ 2018ರಲ್ಲಿ ಕೊಳ್ಳಲು ಹೊರಟದ್ದು ರಿಲಯನ್ಸೇ. ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ನನ್ನಂಥ ಸಣ್ಣವರು ದೊಡ್ಡ ಕೇಬಲ್ ಕಂಪನಿಗಳಿಗೆ ಬಿಲ್ಲು ವಸೂಲಿ ಮಾಡುವವರಾದೆವು. ನಾನು ಮಾರಿ ಹೊರಬಂದೆ.

ಸರ್ಕಾರ ಇದಕ್ಕೆಲ್ಲ ಕಾನೂನು ಮಾಡಬಾರದೇ ಎಂದು ಕೇಳುತ್ತೀಯ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2014ರ ಆಗಸ್ಟಿನಲ್ಲೇ ಹೇಳಿತ್ತು: ರಾಜಕೀಯ ಪಕ್ಷಗಳು, ಧಾರ್ಮಿಕ ಸಂಸ್ಥೆಗಳು, ಸರ್ಕಾರಿ ಸಂಸ್ಥೆಗಳು ಪ್ರಸಾರಕ್ಕೂ ವಿತರಣೆಗೂ ಇಳಿಯಕೂಡದು ಎಂದು. ಆ ಶಿಫಾರಸು ಕಾನೂನಾಗಲಿಲ್ಲ. ಕಾನೂನು ಮಾಡಬೇಕಾದವರಲ್ಲೇ ಚಾನೆಲ್ಲಿನ ನಂಟಿರುವವರು ಇರುವಾಗ ಅದು ತಾನಾಗಿ ಆಗದು. ನಿಮ್ಮ ಪೀಳಿಗೆ ಕೇಳಿ ಕೇಳಿ ಪಡೆಯಬೇಕು. ಅಲ್ಲಿಯವರೆಗೆ, ಮನೆಯಲ್ಲಿ ಕೂತು ನೋಡುವ ನಿನ್ನ ಓರಗೆಯವರಿಗೂ ಒಂದು ಮಾತು ಹೇಳು. ದೊಡ್ಡ ಸುದ್ದಿಯ ದಿನ, ಒಬ್ಬರಿಗೊಬ್ಬರು ಆಗದ ಇಬ್ಬರು ಒಡೆಯರ ಚಾನೆಲ್ಲುಗಳನ್ನು ನೋಡಲಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ಹುಡುಕಲಿ. ನಂಬಿಕೆಯಿಟ್ಟ ಪತ್ರಿಕೆಗೋ ಜಾಲತಾಣಕ್ಕೋ ದುಡ್ಡು ಕೊಟ್ಟು ಓದಲಿ. ನಾವು ಕೊಡದ ದುಡ್ಡನ್ನು ಬೇರೆ ಯಾರೋ ಕೊಡುತ್ತಾರೆ, ಕೊಟ್ಟವರ ಮಾತೇ ನಡೆಯುತ್ತದೆ.

ಗೌರಿ ಹಬ್ಬಕ್ಕೆ ನೀನು ಊರಿಗೆ ಬರುವಾಗ ಯಾವ ಮಂತ್ರಿಯ ಬೈಟ್ ತಗೊಂಡೆ, ಯಾರ ಜೊತೆ ಫೋಟೋ ಬಂತು ಎಂದು ನಾನು ಕೇಳುವುದಿಲ್ಲ. ಆ ನೋಟ್‌ಬುಕ್ ತಾ. ಖಾಲಿ ಬಿದ್ದ ಬಲ ಪುಟಗಳನ್ನು ಜಗಲಿಯ ಮೇಲೆ ಕೂತು ಇಬ್ಬರೂ ಓದೋಣ.

ಇದನ್ನು ಬರೆಯುತ್ತಾ ಬರೆಯುತ್ತಾ ನನಗೊಂದು ಮಾತು ಖಾತ್ರಿಯಾಯಿತು. ನಿನಗೆ ಹೀಗೆ ಹೇಳಿದ ಮೇಲೆ ನನ್ನ ಖಾಲಿ ಪುಟವನ್ನು ಹಾಗೇ ಬಿಟ್ಟುಕೊಂಡು ಕೂರುವ ಹಕ್ಕು ನನಗಿಲ್ಲ. ಆ ಬಡಗಿ ಈಗ ಮಗನ ಮನೆಯಲ್ಲಿದ್ದಾರೆ, ರೈಲ್ವೆ ಸ್ಟೇಷನ್ನಿನ ಆಚೆ. ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿದೆ. ನಾಳೆ ಬೆಳಿಗ್ಗೆ ಹೋಗಿ, ಆ ರಾತ್ರಿ ಒಂಬತ್ತು ಗಂಟೆಗೆ ಸಿಗ್ನಲ್ ಇತ್ತು ಎಂದು ಅವರಿಗೆ ಹೇಳಿ ಬರುತ್ತೇನೆ.

ಇಂತಿ ನಿನ್ನ ತಾತ